ಅವರ ಎಡಗಣ್ಣು

ಅವರ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಎಡಗಣ್ಣು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಇದರಲ್ಲೇ ನಾನು ಒಮ್ಮೆ ತಪ್ಪಿದ್ದೇನೆ.

ಹೆಸರು ಬರೆಯುವುದಿಲ್ಲ. "ಹೆಸರು ಯಾಕೆ ಅಮ್ಮಣಿ, ಗೊತ್ತಿರೋರಿಗೆ ಗೊತ್ತಾಗ್ತದೆ" ಎಂದು ಅವರ ಹೆಂಡತಿ, ನಾನು ಅಜ್ಜಿ ಎನ್ನುವವರು, ಹೇಳಿದ್ದಾರೆ. ತಲೆಮಾರುಗಳಿಂದ ತಮಿಳುನಾಡಿನಲ್ಲಿರುವ ಅವರ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಆದರೆ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಇದನ್ನು ನಾನೇ ಓದಿ ಹೇಳಬೇಕು. ಅಜ್ಜಿಯ ಎದುರು ಕೂತು ಹೇಗೆ ಓದುವುದೋ ಗೊತ್ತಿಲ್ಲ.

ನಾನು ಕೊಳ್ಳೇಗಾಲದ ಕಡೆಯವಳು. ಪಿಯುಸಿ ಮುಗಿಸಿ, ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವುದನ್ನು ಕಲಿತು, ಪೊಳ್ಳಾಚಿಯ ಒಂದು ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಬಂದು ಐದು ವರ್ಷವಾಯಿತು. ಮದುವೆ, ಕಿವಿ ಚುಚ್ಚುವುದು, ಮನೆ ಒಕ್ಕಲು, ಸಾವು, ಎಲ್ಲದಕ್ಕೂ ಇಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಜನ ಕಳಿಸುವ ಫೋಟೋದಲ್ಲಿ ಮುಖವನ್ನು ಬೆಳ್ಳಗೆ ಮಾಡುವುದು, ಮಚ್ಚೆ ತೆಗೆಯುವುದು, ಮುಚ್ಚಿಹೋದ ಕಣ್ಣನ್ನು ತೆರೆಸುವುದು ನನ್ನ ಕೆಲಸ. ಊರ ಹೊರಗೆ ನೇಕಾರರ ಬೀದಿಯಲ್ಲಿ ಅವರ ಮನೆಯ ಕಾಂಪೌಂಡಿನೊಳಗೆ ಒಂದು ಒಂಟಿ ಕೋಣೆ ಬಾಡಿಗೆಗೆ ಸಿಕ್ಕಿತು. ಮಗನ ಸಂಸಾರ ಮಹಡಿಯ ಮೇಲೆ. ಕೆಳಗೆ ಅವರು ಮತ್ತು ಅಜ್ಜಿ. ಅವರನ್ನು ನಾನು ತಾತ ಎಂದು ಕರೆಯುತ್ತಿದ್ದೆ.

ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬಾಗಿಲಲ್ಲಿ ಕೂತು, ಕ್ಯಾಲೆಂಡರ್ ನೋಡಿಕೊಂಡು ನೋಟ್‌ಬುಕ್ಕಿನಲ್ಲಿ ನವಿಲು ಬರೆಯುತ್ತಿದ್ದೆ. ಶಾಲೆಯಲ್ಲಿ ನನಗೆ ಚಿತ್ರ ಬರೆಯುವ ಹುಡುಗಿ ಎಂದೇ ಹೆಸರಿತ್ತು. ಯಾವುದನ್ನು ಕೊಟ್ಟರೂ ಹಾಗೆಯೇ ನಕಲು ಮಾಡುತ್ತಿದ್ದೆ. ಅವರು ಹಲ್ಲುಜ್ಜುತ್ತಾ ಬಂದು ಬಗ್ಗಿ ನೋಡಿದರು.

"ಈ ನವಿಲಿಗೆ ಮಂಡಿ ಎಲ್ಲಿ ಅಮ್ಮಣಿ?"

ಕ್ಯಾಲೆಂಡರಿನ ನವಿಲಿಗೂ ಮಂಡಿ ಇರಲಿಲ್ಲ. ತೋರಿಸಿದೆ.

"ಅದು ಪ್ರೆಸ್ಸಿನವನ ತಪ್ಪು. ನಿನ್ನ ಕಣ್ಣು ಎಲ್ಲಿ ಹೋಯ್ತು?"

ಮುಖ ತೊಳೆದುಕೊಂಡು, ತುಂಡನ್ನು, ಅಂದರೆ ಟವೆಲನ್ನು, ಹೆಗಲಿಗೆ ಹಾಕಿಕೊಂಡು, ಬೀದಿಯ ಕೊನೆಯ ಜೋಳದ ಹೊಲದ ಹತ್ತಿರ ಕರೆದುಕೊಂಡು ಹೋದರು. ನಮ್ಮ ಕಡೆ ಕಾಗೆ ಇದ್ದಷ್ಟು ಇಲ್ಲಿ ನವಿಲು. ಒಂದು ಹೆಣ್ಣು ನವಿಲು ಬದುವಿನ ಮೇಲೆ ಕಾಲೆತ್ತಿ ಇಡುತ್ತಿತ್ತು. ಕಾಲು ನಡುವೆ ಹಿಂದಕ್ಕೆ ಮಡಚುತ್ತದೆ ಎಂಬುದನ್ನು ನಾನು ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ. ಹಳ್ಳಿಯಲ್ಲಿ ಹುಟ್ಟಿದವಳು. ಅವತ್ತು ಅದು ನಾಚಿಕೆ ಅನ್ನಿಸಲಿಲ್ಲ, ತಮಾಷೆ ಅನ್ನಿಸಿತು.

ಅವರು ಚಿತ್ರಕಾರರಲ್ಲ. ಮಗ್ಗಕ್ಕೆ ಸೀರೆಯ ಅಂಚು, ಸೆರಗುಗಳ ವಿನ್ಯಾಸವನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಡುವುದು ಅವರ ಕಸುಬಾಗಿತ್ತು. ಒಂದೊಂದು ಚೌಕವೂ ಒಂದೊಂದು ಎಳೆ. ನವಿಲು, ಮಾವು, ಆನೆ, ಎಲ್ಲವನ್ನೂ ಮೆಟ್ಟಿಲು ಮೆಟ್ಟಿಲಾಗಿ ಬರೆಯಬೇಕು. "ನಲವತ್ತು ವರ್ಷ ಮೆಟ್ಟಿಲು ಕಾಲಿನ ನವಿಲು ಬರೆದೆ. ಎಷ್ಟು ಹೆಂಗಸರು ಅದನ್ನ ಉಟ್ಕೊಂಡು ಓಡಾಡ್ತಾ ಅವ್ರೋ. ಸಾಯೋದ್ರೊಳಗೆ ನಿಜವಾದ ಕಾಲು ಬರೀಬೇಕು" ಎನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೆ, ಉಳಿದುಹೋದ ಚೌಕುಳಿ ಕಾಗದಗಳ ಹಿಂಬದಿಯಲ್ಲಿ ಕಂಡದ್ದನ್ನೆಲ್ಲ ಬರೆಯಲು ಹೊರಟಿದ್ದರು.

ಮೊದಲ ವರ್ಷದ ಚಿತ್ರಗಳನ್ನು ಅವರು ಮುಚ್ಚಿಡುತ್ತಿರಲಿಲ್ಲ. ಬೀರುವಿನಿಂದ ಕಟ್ಟು ತೆಗೆದು ತೋರಿಸಿ ತಾವೇ ನಗುತ್ತಿದ್ದರು. "ಇದು ಹಸು ಅಲ್ಲ, ಕೊಂಬಿರೋ ಮಂಚ." "ಇದು ನನ್ನ ಮೊಮ್ಮಗ. ಕುಂಬಳಕಾಯಿ ಅಂದ್ಕೊಂಡ್ಯಾ? ಅವನೂ ಅಂಗೇ ಅಂದ." ಕಟ್ಟಿನ ಮೇಲಿಂದ ಕೆಳಗೆ ಹೋದಂತೆ ಹಸು ಹಸುವಾಗುತ್ತಾ ಬರುತ್ತಿತ್ತು. ಮಧ್ಯೆ ಎಲ್ಲೂ ಪವಾಡ ಇರಲಿಲ್ಲ. ಒಂದೇ ಹಸುವನ್ನು ನೂರು ಸಲ ಬರೆದಿದ್ದರು, ಅಷ್ಟೇ.

ನನ್ನನ್ನೂ ಹಾಗೇ ಕೂರಿಸಿದರು. ಒಂದು ತಿಂಗಳು ಭಾನುವಾರ ಭಾನುವಾರ ಒಂದೇ ಹಿತ್ತಾಳೆ ಚೊಂಬು. ಎರಡನೇ ವಾರಕ್ಕೆ ನನಗೆ ಬೇಜಾರಾಗಿ, ನೋಡದೆಯೇ ಬರೆದು ತೋರಿಸಿದೆ.

"ಇದು ಯಾರ ಮನೆ ಚೊಂಬು?"

"ಇದೇ ತಾತ."

"ಪೊಯ್ ಹೇಳ್ಬೇಡ. ಇದರ ಬಾಯಿ ನೆಗ್ಗಿದೆ. ನಿಂದು ಅಂಗಡೀಲಿರೋ ಹೊಸ ಚೊಂಬು."

ಪೊಯ್ ಎಂದರೆ ಸುಳ್ಳು. ಅವರ ಬಾಯಲ್ಲಿ ಅದು ಬೈಗುಳವಾಗಿರಲಿಲ್ಲ. ನೋಡದೆ ಎಳೆದ ಗೆರೆಗೆಲ್ಲ ಅವರು ಇಟ್ಟ ಹೆಸರು ಅದು. ಕಾಗದದ ಮೇಲೆ ಬೆರಳಿಟ್ಟು, ಇದು ನಿಜ, ಇದು ನಿಜ, ಇದು ಪೊಯ್ ಎಂದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಹೇಳುತ್ತಿದ್ದರು. ರಬ್ಬರ್ ಮುಟ್ಟಲು ಬಿಡುತ್ತಿರಲಿಲ್ಲ. ತಪ್ಪಿದ ಗೆರೆ ಅಲ್ಲೇ ಇರಬೇಕು, ಅದರ ಪಕ್ಕ ಸರಿಯಾದ ಗೆರೆ ಹಾಕಬೇಕು. "ಅಳಿಸಿಬಿಟ್ರೆ ಎಲ್ಲಿ ತಪ್ಪಿದೆ ಅಂತ ನಾಳೆಗೆ ಹೆಂಗೆ ಗೊತ್ತಾಗ್ತದೆ?"

ಅಜ್ಜಿ ಈಳಿಗೆಮಣೆಯ ಮುಂದೆ ಕೂತರೆ ಅವರೂ ಕಾಗದ ಹಿಡಿದು ಎದುರಿಗೆ ಕೂರುತ್ತಿದ್ದರು. ಅಜ್ಜಿಯ ಕೈ ಅವರಿಗೆ ಕೊನೆಯವರೆಗೂ ಸರಿಯಾಗಿ ಸಿಗಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿ, "ಮದುವೆಯಾದ ಹೊಸದ್ರಲ್ಲಿ ಇಂಗೆ ನೋಡಿದ್ರೆ ನಾನು ಎಷ್ಟು ಸಂತೋಷ ಪಡ್ತಿದ್ದೆ. ಈಗ ಬದನೆಕಾಯಿ ಹೆಚ್ಚೋವಾಗ ನೋಡ್ತಾರೆ" ಎನ್ನುತ್ತಿದ್ದರು.

"ಆಗ ಬದನೆಕಾಯಿ ನಿನ್ನಮ್ಮ ಹೆಚ್ತಿದ್ರು" ಎಂದು ಇವರು ಕಾಗದದಿಂದ ತಲೆಯೆತ್ತದೆ ಹೇಳುವರು.

"ತಲೆ ಎತ್ತಿ ಬರೀರಿ. ಆ ಪಿಳ್ಳೆಗೆ ಮಾತ್ರ ಹೇಳ್ಕೊಡ್ತೀರಿ." ಪಿಳ್ಳೆ, ಅಂದರೆ ಹುಡುಗಿ, ನಾನು.

ಸಂತೆಯ ದಿನ ನನಗೆ ರಜೆ ಸಿಕ್ಕಿದರೆ ಪೊಳ್ಳಾಚಿಯ ದನದ ಸಂತೆಗೆ ಹೋಗುತ್ತಿದ್ದೆವು. ಅಲ್ಲಿ ಅವರದ್ದು ಒಂದೇ ನಿಯಮ: ಕಾಲು ಮೊದಲು. ಮಾರಾಟವಾದ ಎತ್ತು ನಮಗಾಗಿ ನಿಲ್ಲುವುದಿಲ್ಲ. ಕೊಂಬು ಮನೆಗೆ ಹೋದ ಮೇಲೂ ನೆನಪಿರುತ್ತದೆ, ಕಾಲು ಇರುವುದಿಲ್ಲ. ಅವರ ಕಟ್ಟಿನಲ್ಲಿ ಮೈಯಿಲ್ಲದ ಕಾಲುಗಳೇ ಸಾಲುಸಾಲು ಇವೆ. ಒಮ್ಮೆ ಒಬ್ಬ ದಲ್ಲಾಳಿ ನಮ್ಮ ಹತ್ತಿರ ನಿಂತು, "ಏನುಂಗಯ್ಯಾ, ಮಾಡು ವಾಂಗ ವಂದೀಂಗಳಾ, ಪಡಂ ಪೋಡ ವಂದೀಂಗಳಾ?" ಎಂದ. ದನ ಕೊಳ್ಳಲು ಬಂದಿರೋ, ಚಿತ್ರ ಬರೆಯಲು ಬಂದಿರೋ ಎಂದು ಅವನ ಕುಹಕ. ಇವರು ಪೆನ್ಸಿಲ್ ನಿಲ್ಲಿಸದೆ, "ನಾ ವಾಂಗುರ ಮಾಡು ಪುಲ್ಲು ತಿಂಗಾದುಂಗ" ಎಂದರು. ನಾನು ಕೊಳ್ಳುವ ದನ ಹುಲ್ಲು ತಿನ್ನುವುದಿಲ್ಲ. ಸುತ್ತ ನಿಂತವರೆಲ್ಲ ನಕ್ಕರು, ದಲ್ಲಾಳಿಯೂ ನಕ್ಕ.

ಅಲ್ಲಿ ದರ ಕುದುರಿಸುವವರು ಕೈ ಮೇಲೆ ತುಂಡು ಹೊದಿಸಿಕೊಂಡು, ಒಳಗೆ ಬೆರಳು ಹಿಡಿದು ಮಾತಾಡುತ್ತಾರೆ. ಕಾಣದ ಕೈಯನ್ನು ಹೇಗೆ ಬರೆಯುವುದು ಎಂದು ಕೇಳಿದೆ. "ಕೈ ಯಾಕೆ ಬರೀತೀ? ತುಂಡು ಏನು ಮಾಡ್ತದೆ ನೋಡು. ಅದು ಎದ್ದ ಕಡೆ ಬೆರಳು ಅದೆ." ಬರೆದೆ. ನನ್ನ ಜೀವನದಲ್ಲಿ ನಾನು ನೋಡಿ ಬರೆದ ಮೊದಲ ಒಳ್ಳೆಯ ಚಿತ್ರ ಅದು. ಅವರು ಬಹಳ ಹೊತ್ತು ನೋಡಿ, ಬೆರಳು ಎಲ್ಲೂ ಇಡದೆ ಹಿಂದಕ್ಕೆ ಕೊಟ್ಟರು.

ಇಷ್ಟು ಕಲಿಸಿದವರಿಗೆ ನಾನು ಮಾಡಿದ್ದನ್ನು ಈಗ ಬರೆಯಬೇಕು.

ಅವರಿಗೆ ಆ ಕಣ್ಣು ಹುಟ್ಟಿನಿಂದ ಹಾಗಿತ್ತು. ಸ್ಟುಡಿಯೋದವರು ಯಾವತ್ತೂ ಅದನ್ನು ಹಾಗೇ ಬಿಟ್ಟವರಲ್ಲ. ಮದುವೆಯ ಕಪ್ಪುಬಿಳುಪು ಫೋಟೋದಲ್ಲಿ ಬ್ರಷ್ಷಿನಿಂದ ತಿದ್ದಿದ್ದರು, ಮಗನ ಮದುವೆಯ ಆಲ್ಬಮ್ಮಿನಲ್ಲಿ ಕಂಪ್ಯೂಟರಿನಿಂದ ತಿದ್ದಿದ್ದರು. ಮನೆಯ ಯಾವ ಪಟದಲ್ಲೂ ಅವರು ಅವರಾಗಿರಲಿಲ್ಲ. ಇಲ್ಲಿ ಸತ್ತವರ ಕಾರ್ಯದ ದಿನ ಪಡತ್ತಿರಪ್ಪು ಎಂದು ಮಾಡುತ್ತಾರೆ. ಸತ್ತವರ ಪಟಕ್ಕೆ ಬಟ್ಟೆ ಮುಚ್ಚಿಟ್ಟು, ನೆಂಟರ ಎದುರು ಹಿರಿಯರೊಬ್ಬರು ಆ ಬಟ್ಟೆ ಸರಿಸುತ್ತಾರೆ. ಆಮೇಲೆ ಆ ಪಟವೇ ಮನೆಯಲ್ಲಿ ಉಳಿಯುವ ಮನುಷ್ಯ. ಹೋದ ವರ್ಷ ಬೀದಿಯಲ್ಲಿ ಯಾರದ್ದೋ ಪಡತ್ತಿರಪ್ಪು ಮುಗಿಸಿಕೊಂಡು ಬಂದವರು ಜಗಲಿಯಲ್ಲಿ ಕೂತು ಹೇಳಿದರು:

"ನನ್ನ ಪಡ ನೀನು ಬರೀಬೇಕು ಅಮ್ಮಣಿ. ಈ ಕಣ್ಣು ಇಂಗೇ ಇರ್ಬೇಕು. ಇಲ್ದಿದ್ರೆ ಇವಳು ದಿನಾ ಬೇರೆ ಯಾರಿಗೋ ಹೂ ಇಡಬೇಕಾಗ್ತದೆ."

"ಈಗ್ಲೇ ಏನವಸರ ನಿಮಗೆ?" ಎಂದು ಅಜ್ಜಿ ಒಳಗಿಂದ ಕೂಗಿದರು.

"ಅವಸರ ಇಲ್ಲ. ಇವಳಿಗೆ ಅಭ್ಯಾಸ ಆಗಕ್ಕೆ ಟೈಮ್ ಬೇಕಲ್ಲ."

ಮುಂದಿನ ಭಾನುವಾರ ಹತ್ತು ಗಂಟೆಗೆ ಕ್ಷೌರ ಮಾಡಿಕೊಂಡು, ಬಿಳಿ ಶರಟು ಹಾಕಿ, ತುಂಡು ಹೊದ್ದು, ಜಗಲಿಯ ಕುರ್ಚಿಯಲ್ಲಿ ಕೂತರು. ನಾನು ಕಿವಿ ಬರೆದೆ, ತುಂಡಿನ ಮಡಿಕೆ ಬರೆದೆ, ಕುರ್ಚಿಯ ಕೈ ಬರೆದೆ. ಮುಖಕ್ಕೆ ಬಂದಾಗ ಕಣ್ಣೆತ್ತಲಾಗಲಿಲ್ಲ. ದೊಡ್ಡವರ ಮುಖವನ್ನು ನೆಟ್ಟು ನೋಡಬಾರದು ಎಂದು ನನ್ನನ್ನು ಬೆಳೆಸಿದ್ದರು. ಅದರಲ್ಲೂ ಆ ಕಣ್ಣು. ನೋಡಿದರೆ ಅವರ ಕುಂದನ್ನು ನೋಡಿದಂತೆ ಆಗುತ್ತಿತ್ತು.

"ಯಾಕೆ ತಲೆ ತಗ್ಗಿಸ್ತೀ? ನಾನೇನು ಹೆಣ್ಣು ನೋಡಕ್ಕೆ ಬಂದಿದ್ದೀನಾ? ಎತ್ತು ಅಂದ್ಕೊಂಡು ಬರಿ."

ನಕ್ಕೆ, ಆದರೆ ನೋಡಲಿಲ್ಲ. ಎರಡನೇ ಭಾನುವಾರವೂ ಅಷ್ಟೇ. ಅವತ್ತು ಏಳುವಾಗ, ಇರಲಿ ಎಂದು, ಇಬ್ಬರೂ ಕಾಣುವ ಹಾಗೆ ಫೋನ್ ಮುಂದೆ ಹಿಡಿದು ಒಂದು ಸೆಲ್ಫಿ ತೆಗೆದೆ. ಮಾರನೆಯ ದಿನ ಅಂಗಡಿಯಲ್ಲಿ ಊಟದ ಹೊತ್ತಿನಲ್ಲಿ ಅದರಿಂದ ಅವರ ಮುಖವನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿ, ಪ್ರಿಂಟ್ ತೆಗೆದೆ. ಗಾಜಿನ ಕೆಳಗೆ ಬಲ್ಬ್ ಇಟ್ಟು, ಮೇಲೆ ಒಳ್ಳೆಯ ಕಾಗದ ಹಾಕಿ ಗೆರೆ ತೆಗೆದುಕೊಂಡೆ. ಪೆನ್ಸಿಲ್ಲಿನಿಂದ ನೆರಳು ತುಂಬಿದೆ. ರಬ್ಬರೂ ಬಳಸಿದೆ. ಕಣ್ಣನ್ನು ತಿದ್ದಲಿಲ್ಲ. ಅದೊಂದು ಮಾತು ಉಳಿಸಿಕೊಂಡೆ ಎಂದು ಹೆಮ್ಮೆಯೂ ಆಯಿತು.

ಸಂಜೆ ತಂದು ಅವರ ಕೈಗೆ ಕೊಟ್ಟೆ.

ಬೆಳಕಿಗೆ ಹಿಡಿದು ನೋಡಿದರು. ಎಡಗೈಯೆತ್ತಿ ತಮ್ಮ ಇಳಿದ ರೆಪ್ಪೆಯನ್ನು ಒಮ್ಮೆ ಮುಟ್ಟಿಕೊಂಡರು. ಕಣ್ಣಲ್ಲಿ ನೀರು ಬಂತೇನೋ, ಒರೆಸಿಕೊಂಡರು ಎಂದುಕೊಂಡೆ.

"ಎದುರಿಗೆ ಕೂತು ಬರೆದದ್ದೇನಮ್ಮಣಿ?"

"ಹೂಂ ತಾತ. ಕೊನೇಲಿ ಸ್ವಲ್ಪ ನೆನಪಿನಿಂದ."

"ನೆರಳು ಚೆನ್ನಾಗಿ ಹಾಕಿದ್ದೀಯ" ಎಂದರು. ಕಾಗದದ ಮೇಲೆ ಬೆರಳಿಡಲೇ ಇಲ್ಲ. ಪೊಯ್ ಎಂದೂ ಹೇಳಲಿಲ್ಲ. ಅದನ್ನು ಬೀರುವಿನಲ್ಲಿಟ್ಟು ಬಂದು, "ಭಾನುವಾರ ಬಾ, ಇನ್ನೊಂದು ಬರಿ" ಎಂದರು. ಮುಗಿದ ಚಿತ್ರಕ್ಕೆ ಇನ್ನೊಂದು ಯಾಕೆ ಎಂದು ನನಗೆ ಒಳಗೇ ಸಿಟ್ಟು ಬಂತು. ಸಿಟ್ಟಲ್ಲ, ಹೆದರಿಕೆ. ಮುಹೂರ್ತದ ಸೀಸನ್, ಭಾನುವಾರವೂ ಅಂಗಡಿ ಇದೆ ಎಂದೆ. ಮೊದಲ ಭಾನುವಾರ ಅದು ನಿಜವಾಗಿತ್ತು.

ಐದನೇ ವಾರದಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಕೊಡಲಿಲ್ಲ. ಬೀದಿಯ ತುದಿಗೆ ಕಟ್ಟುವ ಫ್ಲೆಕ್ಸನ್ನು ನಾನೇ ಮಾಡಿದೆ. ಅವರ ಮಗ ಬಂದು, "ಪಡಕ್ಕೆ ಸ್ಟುಡಿಯೋ ಬೇಡ. ಅಪ್ಪಾ ನಿನ್ನ ಕೈಲಿ ಬರೆಸಿಟ್ಟವ್ರಲ್ಲ, ಅದನ್ನೇ ಫ್ರೇಮ್ ಹಾಕಿಸ್ತೀನಿ" ಎಂದರು.

ಕಾರ್ಯದ ದಿನ ತಾತನ ದೊಡ್ಡಪ್ಪನ ಮಗ ಬಟ್ಟೆ ಸರಿಸಿದರು. ನೆಂಟರೆಲ್ಲ ಉಸಿರೆಳೆದುಕೊಂಡರು. "ಅಪ್ಪಡಿಯೇ ಇರುಕ್ಕು", ಹಾಗೇ ಇದೆ, ಎಂದರು ಒಬ್ಬರು. ಅವರೇ ಎದುರಿಗೆ ಕೂತಂಗದೆ ಎಂದರು ಇನ್ನೊಬ್ಬರು. ಮಗ ನನ್ನನ್ನು ಮುಂದೆ ಕರೆದು ಎಲ್ಲರಿಗೂ ತೋರಿಸಿದರು. ಎಷ್ಟೋ ಜನ ನನ್ನ ಕೈ ಹಿಡಿದುಕೊಂಡರು.

ಅಜ್ಜಿ ಕೊನೆಗೆ ಬಂದು ಪಟದ ಮುಂದೆ ನಿಂತರು. ಕುಂಕುಮದ ಬಟ್ಟಲು ಕೈಯಲ್ಲೇ ಇತ್ತು. ನನಗೊಬ್ಬಳಿಗೆ ಕೇಳುವ ಹಾಗೆ ಹೇಳಿದರು:

"ಇದು ಅವರು ಕ್ಷೌರ ಮಾಡ್ಕೊಳ್ಳೋವಾಗ ಕನ್ನಡೀಲಿ ನೋಡ್ಕೊತಿದ್ದ ಮುಖ ಅಮ್ಮಣಿ. ಇದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ."

ಆಗ ನೋಡಿದೆ. ಇಳಿದ ರೆಪ್ಪೆ ಬಲಗಣ್ಣಿಗೆ ಹೋಗಿತ್ತು. ಸೆಲ್ಫಿ ತೆಗೆದಾಗ ನನ್ನ ಫೋನ್ ಮುಖವನ್ನು ಕನ್ನಡಿಯಂತೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ದಿನವಿಡೀ ಜನರ ಫೋಟೋಗಳ ಮಧ್ಯೆ ಕೂರುವ ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ಎದುರಿಗೆ ಕೂತು ಬರೆದವರು ಯಾರೂ ಈ ತಪ್ಪು ಮಾಡಲಾರರು. ನಾಲ್ಕು ವರ್ಷ ಒಂದೇ ಅಂಗಳದಲ್ಲಿದ್ದು, ಎರಡು ಭಾನುವಾರ ಮೂರಡಿ ದೂರದಲ್ಲಿ ಕೂತು, ಅವರ ಯಾವ ಕಣ್ಣು ಯಾವುದೆಂದು ನನ್ನ ಕೈಗೆ ತಿಳಿದಿರಲಿಲ್ಲ. ಆ ಸಂಜೆ ರೆಪ್ಪೆ ಮುಟ್ಟಿಕೊಂಡಾಗ ಅವರು ಒರೆಸಿಕೊಂಡದ್ದು ಏನೂ ಇರಲಿಲ್ಲ, ಯಾವ ಕಣ್ಣೆಂದು ಮುಟ್ಟಿ ನೋಡಿಕೊಂಡಿದ್ದರು.

ಮಾರನೆಯ ದಿನ ಅಂಗಡಿಯಲ್ಲಿ ಆ ಚಿತ್ರದ ಫೋಟೋ ತೆರೆದು ತಿರುಗಿಸಿದೆ. ಒಂದೇ ಕ್ಲಿಕ್ಕು. ಇಳಿದ ರೆಪ್ಪೆ ಎಡಗಣ್ಣಿಗೆ ಬಂತು. ಪ್ರಿಂಟ್ ತೆಗೆದು ಫ್ರೇಮಿನಲ್ಲಿ ಬದಲಾಯಿಸಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಆದರೆ ನೋಡುತ್ತಾ ಕೂತಂತೆ ಅದು ಇನ್ನೂ ಕೆಟ್ಟದಾಗಿ ಕಂಡಿತು. ಅದರಲ್ಲಿ ಅವರು ಯಾರನ್ನೂ ನೋಡುತ್ತಿರಲಿಲ್ಲ. ಫೋನಿನ ಪರದೆಯಲ್ಲಿ ತಮ್ಮನ್ನೇ, ಏನಿದು ಎಂಬಂತೆ, ಸ್ವಲ್ಪ ಕೆಳಗೆ ನೋಡುತ್ತಿದ್ದರು. "ಎತ್ತು ಅಂದ್ಕೊಂಡು ಬರಿ" ಎಂದು ನಗುತ್ತಿದ್ದ ಮುಖ ಅದರಲ್ಲಿ ಎಲ್ಲೂ ಇರಲಿಲ್ಲ. ಆ ಮುಖವನ್ನು ನೆನಪಿನಿಂದ ಬರೆಯಲು ಕೂತೆ. ತುಂಡು ಬಂತು, ಕಿವಿ ಬಂತು. ಮಧ್ಯದ ಜಾಗ ಖಾಲಿ.

ಅಜ್ಜಿಯ ಹತ್ತಿರ ಹೋಗಿ ಅಳುತ್ತಾ ಎಲ್ಲ ಹೇಳಿದೆ. ಸೆಲ್ಫಿ, ಗಾಜು, ಬಲ್ಬು, ನಾನು ಹೇಳಿದ ಸುಳ್ಳು. ಅವರು ಮೊರದಲ್ಲಿ ರಾಗಿ ಕೇರುತ್ತಿದ್ದರು, ನಿಲ್ಲಿಸಲಿಲ್ಲ.

"ಗೊತ್ತು. ಅವತ್ತೇ ಹೇಳಿದ್ರು, ಪಿಳ್ಳೆ ಫೋನ್ ನೋಡಿ ಬರೆದವ್ಳೆ, ನೀನು ಏನೂ ಕೇಳ್ಬೇಡ, ಅವಳೇ ಮತ್ತೆ ಬರ್ತಾಳೆ ಅಂತ."

"ಮಗನಿಗೆ ನಾನೇ ಹೇಳ್ತೀನಿ ಅಜ್ಜಿ. ಪಟ ಇಳಿಸಿಬಿಡಲಿ."

ಆಗ ಮೊರ ನಿಂತಿತು. "ಅವನಿಗೆ ಹೇಳ್ಬೇಡ. ಪೆತ್ತ ಮಗ, ಐವತ್ತು ವರ್ಷ ನೋಡಿದ ಮುಖ, ಕಣ್ಣು ಆ ಕಡೆ ಹೋದದ್ದು ಅವನಿಗೆ ಗೊತ್ತಾಗ್ಲಿಲ್ಲ. ದಿನಾ ಎದ್ದು ಕೈ ಮುಗೀತಾ ಅವ್ನೆ. ಇದನ್ನ ಹೇಳಿದ್ರೆ ಅವನು ಯಾರ ಮುಂದೆ ನಿಂತು ಅಳ್ಬೇಕು? ನೀನು ನನ್ನ ಮುಂದೆ ಅತ್ತೆ, ಸಾಕು."

ಹೀಗಾಗಿ ಪಟ ಹಾಗೇ ಇದೆ. ಅಜ್ಜಿ ಅದಕ್ಕೆ ದಿನವೂ ಹೂವಿಡುತ್ತಾರೆ. ಹೊಗಳುವವರ ಎದುರು ನಾನು ಸುಮ್ಮನೆ ನಿಲ್ಲಬೇಕು. ಅದು ನನಗೆ ಅವರು ಕೊಟ್ಟ ಶಿಕ್ಷೆಯಲ್ಲ, ಆದರೆ ನನಗೆ ಅದೇ ಆಗಿದೆ. ಮಗನಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ ಎಂಬುದೂ ನನಗೆ ಗೊತ್ತಿದೆ.

ಅವತ್ತು ಏಳುವ ಮೊದಲು ಒಂದು ಮಾತು ಕೇಳಿದೆ. ಕೇಳಬಾರದಿತ್ತು. "ಆಮೇಲಿನ ಭಾನುವಾರಗಳಲ್ಲಿ ತಾತ ನನ್ನ ಬಗ್ಗೆ ಏನಾದ್ರೂ ಅಂದ್ರಾ ಅಜ್ಜಿ?"

"ಏನೂ ಅನ್ನಲಿಲ್ಲ. ಹತ್ತು ಗಂಟೆಗೆ ಕ್ಷೌರ ಮಾಡ್ಕೊಂಡು, ಅದೇ ಶರಟು ಹಾಕ್ಕೊಂಡು, ಕುರ್ಚೀಲಿ ಕೂತ್ಕೊತಿದ್ರು. ಬಿಸಿಲು ಕಾಲಿಗೆ ಬರೋವರೆಗೆ. ನಾಲ್ಕು ವಾರ. ಅವಳು ಬರಲ್ಲ ಅಂತ ಗೊತ್ತಿದ್ದೂ ಯಾಕ್ರೀ ಬೊಂಬೆ ತರ ಕೂತ್ಕೊತೀರಿ ಅಂದೆ. ಅಲ್ಲಾಡದೆ ಕೂರೋದು ನನಗೂ ಅಭ್ಯಾಸ ಆಗ್ಬೇಕಲ್ಲ, ಅವಳು ಬಂದಾಗ ನಾನು ಅಲ್ಲಾಡಿಬಿಟ್ರೆ ಪಾಪ ಕಣ್ಣು ತಪ್ತದೆ ಅಂದ್ರು."

"ಅಂಗಡಿಯಲ್ಲಿ ಕೆಲಸ ಇತ್ತು ಅಜ್ಜಿ" ಎಂದೆ. ಎಲ್ಲವನ್ನೂ ಒಪ್ಪಿಕೊಂಡ ಮೇಲೆ, ಮತ್ತೆ, ಅಷ್ಟು ಸುಲಭವಾಗಿ ಅದು ಬಾಯಿಗೆ ಬಂತು.

ಅಜ್ಜಿ ರಾಗಿಯಲ್ಲಿ ಬೆರಳಾಡಿಸುತ್ತಾ ಹೇಳಿದರು: "ಮೊದಲ ವಾರ ಇತ್ತು. ಆಮೇಲೆ ಮೂರು ವಾರ ನಿನ್ನ ಚಪ್ಪಲಿ ನಿನ್ನ ಕೋಣೆ ಬಾಗಿಲ ಹೊರಗೇ ಇತ್ತು. ಅವರು ನೋಡಿದ್ರು."